ಖಾನಾವಳಿಯಲ್ಲಿ ಅಡಗಿದ ನನ್ನ ದನಿ

ಹಾಲು ಉಕ್ಕುತ್ತಿತ್ತು. ಬಚ್ಚಲಲ್ಲಿದ್ದ ನಾನು ನಮ್ಮ ಮನೆಯವರನ್ನು ಕೂಗಿದೆ. ಬಾಯಿ ತೆರೆಯಿತು, ನಾಲಿಗೆ ಆಡಿತು, ಗಾಳಿಯೂ ಹೊರಬಂತು.

ದನಿ ಬರಲಿಲ್ಲ.

ಇನ್ನೊಮ್ಮೆ ಕೂಗಿದೆ. ಬರೀ ಉಸಿರು. ಹಾಲು ಚೆಲ್ಲಿ ಹೊತ್ತಿದ ವಾಸನೆ ಬಂದ ಮೇಲೆಯೇ ಅವರು ಓಡಿಬಂದರು. "ಒದರಾಕ ಏನಾಗಿತ್ತ ನಿನಗ?" ಎಂದರು. ನಾನು ಗಂಟಲು ತೋರಿಸಿದೆ. ಒದರುವುದರಲ್ಲಿ ಇಡೀ ಉದ್ಯಮಬಾಗದಲ್ಲಿ ಹೆಸರಾದವಳು ನಾನು. ಅವರಿಗೆ ನಂಬಿಕೆಯೇ ಬರಲಿಲ್ಲ.

ಉದ್ಯಮಬಾಗ ನಮ್ಮ ಗಡಿ ಊರಿನ ಕಾರ್ಖಾನೆಗಳ ಬಡಾವಣೆ, ನಮ್ಮದು ಅಲ್ಲಿ ಒಂದು ಸಣ್ಣ ಖಾನಾವಳಿ. ಸುತ್ತಲಿನ ಫೌಂಡ್ರಿಗಳ ಕೆಲಸಗಾರರು ಮಧ್ಯಾಹ್ನ ಒಮ್ಮೆಲೇ ನುಗ್ಗುತ್ತಾರೆ. ಯಾರಿಗೆ ರೊಟ್ಟಿ, ಯಾರಿಗೆ ಅನ್ನ, ಯಾರ ತಾಟಿನಲ್ಲಿ ಪಲ್ಯ ಮುಗಿಯಿತು, ಎಲ್ಲವೂ ನಡೆಯುವುದು ನನ್ನ ಗಂಟಲಿನ ಮೇಲೆ. ನನ್ನ ತವರು ಖಾನಾಪುರ, ಮನೆಮಾತು ಮರಾಠಿ. ಗಂಡನ ಊರು ಬೀಡಿ, ಅಲ್ಲಿ ಕನ್ನಡ. ಎರಡೂ ಮನೆಯವರ ಕೊರಳಲ್ಲಿ ಲಿಂಗ ಇತ್ತು, ಹಾಗಾಗಿ ಸಂಬಂಧ ಕೂಡಿಸುವಾಗ ಭಾಷೆಯ ಮಾತೇ ಬರಲಿಲ್ಲ. ಖಾನಾವಳಿಯ ಬೋರ್ಡಿನಲ್ಲೂ ಎರಡು ಸಾಲು, ಮೇಲೆ ಕನ್ನಡ, ಕೆಳಗೆ ಮರಾಠಿ.

ಹಿಂದಿನ ದಿನ ಊರು ಕೆಟ್ಟಿತ್ತು. ಕನ್ನಡ-ಮರಾಠಿ ಗಡಿಯ ಗಲಾಟೆ ನಮಗೆ ಹೊಸದಲ್ಲ. ಬಸ್ಸುಗಳು ನಿಲ್ಲುತ್ತವೆ, ಬೋರ್ಡುಗಳಿಗೆ ಮಸಿ ಬೀಳುತ್ತದೆ, ಕೆಲವು ದಿನಗಳಲ್ಲಿ ತಣ್ಣಗಾಗುತ್ತದೆ. ನಾನು ಶಟರ್ ಅರ್ಧ ಇಳಿಸಿ ಪಾತ್ರೆ ತಿಕ್ಕುತ್ತಿದ್ದೆ. ಮುಖಕ್ಕೆ ಬಟ್ಟೆ ಕಟ್ಟಿದ ಕೆಲವರು ಬಗ್ಗಿ ಒಳಗೆ ನೋಡಿದರು. ಒಬ್ಬನ ಕೈಯಲ್ಲಿ ಕಲ್ಲು.

"ಬೋಲ್, ಕೌನ್ ಹೈ ತೂ?"

ಹೇಳು, ಯಾರು ನೀನು ಎಂದು ಕೇಳಿದ್ದು ಕನ್ನಡದಲ್ಲೂ ಅಲ್ಲ, ಮರಾಠಿಯಲ್ಲೂ ಅಲ್ಲ, ಹಿಂದಿಯಲ್ಲಿ. ಅವರು ಯಾವ ಕಡೆಯವರೆಂದು ತಿಳಿಯಲಿಲ್ಲ, ಇವತ್ತಿಗೂ ತಿಳಿದಿಲ್ಲ. ಕನ್ನಡದಲ್ಲಿ ಉತ್ತರ ಕೊಡಬೇಕೋ, ಮರಾಠಿಯಲ್ಲೋ? ತಪ್ಪಿದರೆ ಆ ಕಲ್ಲು ನನಗೇ. ಬಾಯಿ ತೆರೆದು ಹಾಗೆಯೇ ನಿಂತೆ. ಒಂದು ಕಲ್ಲು ಬೋರ್ಡಿಗೆ ಬಿತ್ತು, ಇನ್ನೊಂದು ಗಲ್ಲಾದ ಮುಂದಿನ ಗಾಜಿಗೆ. ಅವರು ಹೋದರು. ನಮ್ಮ ಮನೆಯವರು ಬಂದು ನನ್ನ ಅಂಗೈಗೆ ಸಿಡಿದು ಚುಚ್ಚಿದ್ದ ಗಾಜಿನ ಚೂರು ತೆಗೆದರು, ಮನೆಗೆ ಕರೆದೊಯ್ದು ಮಲಗಿಸಿದರು. ಅಂಜಿದ್ದಾಳೆ, ಅದಕ್ಕೇ ಸುಮ್ಮನಿದ್ದಾಳೆ ಎಂದುಕೊಂಡರು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರಲ್ಲ, ಊರಿನ ಜಗಳದಲ್ಲಿ ಬಡವಾದದ್ದು ನನ್ನ ಗಂಟಲು.

ಇಎನ್‌ಟಿ ಡಾಕ್ಟರು ಮೂಗಿನಿಂದ ಸಣ್ಣ ಪೈಪು ಇಳಿಸಿ ನೋಡಿದರು. "ವೋಕಲ್ ಕಾರ್ಡ್ ನಾರ್ಮಲ್ ಅದಾವ್ರಿ. ಎಲ್ಲಿ, ಕೆಮ್ಮರಿ ನೋಡೂಣು."

ಕೆಮ್ಮಿದೆ. ದನಿ ಬಂತು.

ಆಗ ನಮ್ಮ ಮನೆಯವರು ನನ್ನ ಮುಖ ನೋಡಿದ್ದನ್ನು ಮರೆಯಲಾರೆ. ಕೆಮ್ಮಲು ಬರುತ್ತದೆ, ಮಾತಾಡಲು ಬರುವುದಿಲ್ಲ ಅಂದರೆ ಯಾರು ನಂಬುತ್ತಾರೆ? ಓಣಿಯ ಒಬ್ಬಾಕೆ ಕೇಳಿಯೇಬಿಟ್ಟಳು, "ಇದು ನಾಟಕ ಅಲ್ಲೇನ?" ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು, ಒಳ್ಳೆಯ ಖಾರದ್ದು. ಹೇಳಲು ದನಿ ಇರಲಿಲ್ಲ. ಮನೆಗೆ ಬಂದು ಅತ್ತುಬಿಟ್ಟೆ. ಅಳುವಿಗೂ ಸದ್ದಿರಲಿಲ್ಲ.

ಇಎನ್‌ಟಿ ಡಾಕ್ಟರು ಬರೆದುಕೊಟ್ಟ ಸೈಕಿಯಾಟ್ರಿಸ್ಟ್ ಬಳಿ ಹೋಗಲು ನನಗೆ ಮನಸ್ಸಿರಲಿಲ್ಲ. ಹುಚ್ಚರ ಡಾಕ್ಟರು ಅನ್ನುತ್ತಾರಲ್ಲ ಜನ! ಕೊನೆಗೆ ಹೋದೆ. ಆ ಡಾಕ್ಟರು ಹಿರಿಯ ಹೆಣ್ಣುಮಗಳು. ನಡೆದದ್ದನ್ನೆಲ್ಲ ನಮ್ಮ ಮನೆಯವರಿಂದ ಕೇಳಿಸಿಕೊಂಡು ನನ್ನ ಕಡೆ ತಿರುಗಿದರು.

"ಇದಕ್ಕ ಫಂಕ್ಷನಲ್ ಅಫೋನಿಯಾ ಅಂತೀವಿ. ನಾಟಕ ಅಲ್ಲ. ನಿನ್ನ ದನಿ ಎಲ್ಲೂ ಹೋಗಿಲ್ಲ ತಂಗಿ, ಹೊರಗ ಬರಾಕ ಅಂಜತೈತಿ."

ನಾಟಕ ಅಲ್ಲ ಎಂಬ ಆ ಮಾತಿಗೇ ಅರ್ಧ ಹಗುರಾದೆ. ಸ್ಪೀಚ್ ಥೆರಪಿ ಶುರುವಾಯಿತು. ಒಮ್ಮೆ ಕೆಮ್ಮಬೇಕು, ಕೆಮ್ಮಿನ ಬೆನ್ನಿಗೇ "ಹ್ಮ್" ಎಂದು ಎಳೆಯಬೇಕು, ಆ ಹ್ಮ್ ಅನ್ನು ಮಾತಾಗಿಸಬೇಕು. ಹ್ಮ್ ಬಂತು. ಮಾತು ಬರಲಿಲ್ಲ. ಯಾಕೆಂದು ನನಗೆ ಗೊತ್ತಿತ್ತು. ಮೊದಲು ನಾನು ಯಾವ ಭಾಷೆಯಲ್ಲಿ ಮಾತಾಡುತ್ತಿದ್ದೇನೆ ಎಂಬುದೇ ನನ್ನ ಗಮನಕ್ಕೆ ಬರುತ್ತಿರಲಿಲ್ಲ. ಎದುರಿನವರ ಮುಖ ನೋಡಿದರೆ ಮಾತು ತಾನೇ ಬರುತ್ತಿತ್ತು. ಈಗ ಪ್ರತಿ ಮಾತಿಗೂ ಮೊದಲು ಒಳಗೆ ಯಾರೋ "ಬೋಲ್" ಅನ್ನುತ್ತಿದ್ದರು. ಯಾವುದರಲ್ಲಿ ಎಂದು ಯೋಚಿಸುವಷ್ಟರಲ್ಲಿ ಗಂಟಲು ಬಿಗಿಯುತ್ತಿತ್ತು.

ಖಾನಾವಳಿ ನಡೆಸಲು ಬೀಡಿಯಿಂದ ಅತ್ತೆ ಬಂದರು, ಖಾನಾಪುರದಿಂದ ನನ್ನ ತಾಯಿ, ನಮ್ಮ ಆಯಿ. ಮುರಿದ ಬೋರ್ಡನ್ನು ನಮ್ಮ ಮನೆಯವರು ಇಳಿಸಿ ಗೋಡೆಗೆ ಮುಖಮಾಡಿ ಇಟ್ಟಿದ್ದರು. ಉಣ್ಣಲು ಬರುವವರೂ ಬದಲಾಗಿದ್ದರು. ವರ್ಷಗಟ್ಟಲೆ ಕೂಡಿ ಉಂಡ ಗಂಡಸರು ಒಬ್ಬರಿಗೊಬ್ಬರು ಹಿಂದಿಯಲ್ಲಿ ಉಪ್ಪು ಕೇಳುತ್ತಿದ್ದರು. ಉಂಡು ಬೇಗ ಏಳುತ್ತಿದ್ದರು.

ಇನ್ನು ಈ ಇಬ್ಬರು ಮುದುಕಿಯರ ಕಥೆ. ಸೊಸೆಗೆ ತವರಿನ ಭಾಷೆ ಕಿವಿಗೆ ಬಿದ್ದರೆ ಹೆದರಿಕೆ ಹೋದೀತು ಎಂದು ಅತ್ತೆ ನನ್ನೊಡನೆ ಮರಾಠಿ ಶುರುಮಾಡಿದರು. "ತೂ ಊಟ ಕರ, ಪೋರಿ." ಊಟ ಮಾಡು ಹುಡುಗಿ ಎಂದು. ಮಗಳು ಬಾಳುವೆ ಮಾಡುವ ಮನೆಯ ಮಾತಿನ ಮೇಲೆ ತನಗೆ ಸಿಟ್ಟಿಲ್ಲ ಎಂದು ತೋರಿಸಲು ಆಯಿ ಕನ್ನಡ ಶುರುಮಾಡಿದಳು. "ಚಾ ಕುಡೀ ಬಾಳಾ, ಗರಮ್ ಅದ." ಮಗುವಿಗೆ ಅನ್ನುವ 'ಬಾಳಾ' ಮಾತ್ರ ಮರಾಠಿಯಲ್ಲೇ ಉಳಿದಿತ್ತು. ತಮ್ಮ ತಮ್ಮ ಮಾತು ಬಿಟ್ಟು ಇಬ್ಬರೂ ನನಗಾಗಿ ಎಡವುತ್ತಿದ್ದರು. ಇಬ್ಬರ ಸ್ವಂತ ಮಾತೂ ನನ್ನಿಂದಾಗಿ ಹೋಯಿತಲ್ಲ ಎಂದು ಇನ್ನಷ್ಟು ಮುದುಡಿದೆ.

ಒಂದು ಬೆಳಿಗ್ಗೆ ಆಯಿ ಅಕ್ಕಿಹಿಟ್ಟಿನ ಭಾಕರಿ ತಟ್ಟುತ್ತಿದ್ದಳು. ಖಾನಾಪುರದ ಕೈ, ಸ್ವಲ್ಪ ದಪ್ಪ. ಪಕ್ಕದ ಒಲೆಯಲ್ಲಿ ಅತ್ತೆಯ ಜೋಳದ ರೊಟ್ಟಿ, ಎಲೆಯಷ್ಟು ತೆಳು. ನಾನು ಈರುಳ್ಳಿ ಹೆಚ್ಚುತ್ತಿದ್ದೆ. ಅತ್ತೆಗೆ ತಡೆಯಲಾಗಲಿಲ್ಲ.

"ಏವಡಾ ಜಾಡ! ಹೀ ಭಾಕರಿ ಕಾಯ, ಗಾಡಿ ಚಾಕ ಕಾಯ?" ಇಷ್ಟು ದಪ್ಪ, ಇದು ಭಾಕರಿಯೋ ಗಾಡಿಯ ಗಾಲಿಯೋ ಎಂದು ಕೇಳಿದ್ದು, ಅದೂ ಮರಾಠಿಯಲ್ಲಿ!

ಆಯಿ ಬಿಟ್ಟಾಳೆಯೇ? "ನಿಮ್ಮ ರೊಟ್ಟಿ ಭಾಳ ಪತ್ಲಾ ರೀ! ಫೂ ಅಂದ್ರ ಹಾರಿ ಜಾತದ, ಗೋವಾ ತನಕ!"

"ಗಪ್ ಬಸಾ ಬೀಗ್ತಿ!"

"ನೀವು ಗಪ್ ಕೂಡ್ರಿ!"

ಸೊಂಟಕ್ಕೆ ಕೈ ಇಟ್ಟು, ಒಬ್ಬರ ಭಾಷೆಯಲ್ಲಿ ಇನ್ನೊಬ್ಬರು ಬೈಯುತ್ತಿದ್ದರು. ಮಾತು ಸಿಗದಾಗ ಇಬ್ಬರೂ ಸೌಟು ಎತ್ತುತ್ತಿದ್ದರು. ಹೊಟ್ಟೆಯೊಳಗಿಂದ ಏನೋ ಎದ್ದು ಬಂತು. ನಗು. ಸದ್ದು ಮಾಡುವ, ಗಟ್ಟಿ ನಗು. ಅದೇ ಹೊತ್ತಿಗೆ ಹಂಚಿನ ಮೇಲೆ ಹೊಗೆ ಕಂಡಿತು. ರೊಟ್ಟಿ ಹೊತ್ತುತ್ತಿದೆ ಎಂದು ಕೂಗಿದೆ.

ಇಬ್ಬರೂ ಜಗಳ ಬಿಟ್ಟು ನನ್ನ ಕಡೆ ತಿರುಗಿದರು.

ಅತ್ತೆ ಹಿಟ್ಟಿನ ಕೈಯಲ್ಲೇ ನನ್ನ ಗಲ್ಲ ಹಿಡಿದರು. "ಇನ್ನೊಮ್ಮೆ ಒದರ ನನ್ನವ್ವ, ಇನ್ನೊಮ್ಮೆ!" ಆಯಿ ಅಲ್ಲೇ ಕುಸಿದು ಕೂತು ಅಳತೊಡಗಿದಳು. ಇಬ್ಬರಿಗೂ ತಮ್ಮ ತಮ್ಮ ಭಾಷೆ ವಾಪಸು ಬಂದಿತ್ತು.

ಪೂರ್ತಿ ಗುಣವಾಗಿದ್ದೇನೆ ಎಂದು ಹೇಳಲಾರೆ. ಬೈಕುಗಳ ಗುಂಪು ಒದರುತ್ತಾ ಹೋದರೆ ಈಗಲೂ ಗಂಟಲು ಬಿಗಿಯುತ್ತದೆ. ಒಮ್ಮೆ ಕೆಮ್ಮಿ, ಹ್ಮ್ ಎಂದು ಎಳೆದು ದಾಟುತ್ತೇನೆ. ಉಣ್ಣಲು ಬರುವವರೇ ಬೋರ್ಡು ಸರಿಮಾಡಿಸಿ ಮತ್ತೆ ಏರಿಸಿದರು, ಎರಡೂ ಸಾಲು ಇವೆ. ಊಟದ ಹೊತ್ತಿಗೆ ಮತ್ತೆ ಗದ್ದಲ, ಎರಡೂ ಭಾಷೆಯಲ್ಲಿ. ಎಲ್ಲರಿಗಿಂತ ಮೇಲೆ ನನ್ನ ದನಿ. ಮನೆಯಲ್ಲಿದ್ದ ಶಾಂತಿ ಹೋಯಿತು ಎಂದು ನಮ್ಮ ಮನೆಯವರು ಕಾಡಿಸುತ್ತಾರೆ, ಕಣ್ಣು ಒರೆಸಿಕೊಳ್ಳುತ್ತಲೇ.

ಆ ದಿನ ನಾನು ಕೂಗಿದ್ದು ಕನ್ನಡದಲ್ಲಿ ಎಂದು ಅತ್ತೆ ಆಣೆ ಹಾಕುತ್ತಾರೆ. ಮರಾಠಿಯಲ್ಲಿ ಎಂದು ಆಯಿ. ತಮ್ಮ ತಮ್ಮ ಊರಿಗೆ ಮರಳಿದರೂ ಫೋನಿನಲ್ಲಿ ಆ ಜಗಳ ಮುಗಿದಿಲ್ಲ. ನನ್ನನ್ನು ಕೇಳಿದರೆ, ದೇವರಾಣೆ, ನೆನಪಿಲ್ಲ. ನೆನಪಿರುವುದು ರೊಟ್ಟಿ ಕರಕಲಾಗಿತ್ತು ಎಂಬುದು, ಮೂವರೂ ಅದನ್ನೇ ಹರಿದು ಹಂಚಿಕೊಂಡು ತಿಂದೆವು ಎಂಬುದು.