ಮಡಿಕೆಯಲ್ಲಿದ್ದ ಕರಡಿ

ಸ್ವೀಡನ್ನಿನ ಗೋಥೆನ್‌ಬರ್ಗ್‌ನ ಕನ್ನಡದ ಹೆಂಗಸರಿಗೆ ಮದುವೆ, ಮುಂಜಿ ಬಂತೆಂದರೆ ಇಂದುಮತಿಯ ಮನೆಯೇ ಗತಿ. ಹನ್ನೊಂದು ವರ್ಷದಿಂದ ಅವರೆಲ್ಲರ ರವಿಕೆ ಹೊಲಿದವಳು ಅವಳು. ಯಾರ ತೋಳು ದಪ್ಪವಾಯಿತೆಂಬುದು ಅವರ ಗಂಡಂದಿರಿಗಿಂತ ಮೊದಲು ಅವಳಿಗೆ ಗೊತ್ತು. ಪುಣ್ಯಾತ್ಗಿತ್ತಿ, ಯಾರ ಮುಂದೆಯೂ ಬಾಯಿಬಿಟ್ಟವಳಲ್ಲ. ನಲವತ್ತೇಳನೆಯ ವಯಸ್ಸಿನಲ್ಲಿ ಅವಳಿಗೊಂದು ಆಸೆ ಹುಟ್ಟಿತು. ಊರಿನ ಮ್ಯೂಸಿಯಮ್ಮಿನಲ್ಲಿ ಮಕ್ಕಳಿಗೆ ವಸ್ತುಗಳನ್ನು ತೋರಿಸಿ ವಿವರಿಸುವ ಕೆಲಸ ಬೇಕು. ಮನೆಯೊಳಗೆ ಹೊಲಿಗೆ ಮೆಷಿನ್ನಿನ ಜೊತೆ ಮಾತಾಡಿ ಮಾತಾಡಿ ಸಾಕಾಗಿತ್ತು.

ಸಂದರ್ಶನದಲ್ಲಿ ವಿವರಿಸಲು ಅವಳ ಪಾಲಿಗೆ ಬಂದದ್ದು ಕೆನಡಾದ ಪಶ್ಚಿಮ ಕರಾವಳಿಯ ಹೈಡಾ ಎಂಬ ಮೂಲನಿವಾಸಿಗಳ ಮರದ ಪೆಟ್ಟಿಗೆ. ಅದರ ಮೈತುಂಬ ಕರಡಿಯ ಚಿತ್ರ. ಮಗಳು ಲಾವಣ್ಯಾ ಸ್ವೀಡಿಷ್‌ನಲ್ಲಿ ಒಂದು ಪುಟ ಬರೆದುಕೊಟ್ಟು, "ಅಮ್ಮಾ, ಇದನ್ನ ಬಾಯಿಪಾಠ ಮಾಡು ಸಾಕು. ನಿಂದೇನೂ ಸೇರಿಸ್ಬೇಡ, ಪ್ಲೀಸ್!" ಎಂದಿದ್ದಳು.

ಸಂದರ್ಶನದ ದಿನ ಮ್ಯೂಸಿಯಮ್ಮಿನ ಮುಖ್ಯಸ್ಥೆ ಕಾರಿನ್ ಅವಳನ್ನು ಮೂರನೇ ವಾಕ್ಯಕ್ಕೇ ತಡೆದು, ತುಂಟ ಮಗುವಿನ ದನಿಯಲ್ಲಿ ಕೇಳಿದಳು: "ಇಲ್ಲಿ ಎರಡು ಕರಡಿ ಯಾಕಿವೆ?"

ಮೂಗಿಗೆ ಮೂಗು ತಾಗಿಸಿದ ಎರಡು ಮುಖ ಅಲ್ಲಿ ನಿಜಕ್ಕೂ ಇದ್ದವು. ಉತ್ತರ ಮಾತ್ರ ಲಾವಣ್ಯಾಳ ಪುಟದಲ್ಲಿರಲಿಲ್ಲ. ಇಂದುಮತಿ ಕಲಿತ ಸ್ವೀಡಿಷ್ ಅಷ್ಟೂ ಹೇಳದೆ ಕೇಳದೆ ಹೊರಟುಹೋಯಿತು.

ಏನೂ ತೋಚದೆ ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದಳು. ದರ್ಜಿಯ ಕಣ್ಣು, ಏನು ಕಂಡರೂ ಮೊದಲು ಹುಡುಕುವುದು ಹೊಲಿಗೆಯನ್ನೇ. ಮೂರು ಮೂಲೆಗಳಲ್ಲಿ ಜೋಡಣೆಯೇ ಇಲ್ಲ, ಹಲಗೆ ಹಾಗೇ ಬಾಗಿದೆ. ನಾಲ್ಕನೆಯದರಲ್ಲಿ ಬೇರಿನ ದಾರದಿಂದ ಹಾಕಿದ ಹೊಲಿಗೆ!

"ಅಯ್ಯೋ, ಒಂದೇ ಪೀಸು! ಮಡಚಿ ಹೊಲ್ದಿದಾರೆ!" ಎಂದು ಕನ್ನಡದಲ್ಲೇ ಕೂಗಿದಳು.

ಚೀಲದಿಂದ ಕತ್ತರಿ ಬಂತು. ಕಾಗದವೆಂದು ಕೈಗೆ ಸಿಕ್ಕಿದ್ದು ಲಾವಣ್ಯಾಳ ಪುಟವೇ. ಅದನ್ನು ನಡುವೆ ಮಡಚಿ, ಮೂಗು ಮಡಿಕೆಗೆ ಬರುವಂತೆ ಪಕ್ಕದಿಂದ ಕಂಡ ಕರಡಿಯೊಂದನ್ನು ಕತ್ತರಿಸಿದಳು. ಬಿಡಿಸಿದರೆ ಮೂಗಿಗೆ ಮೂಗಿಟ್ಟ ಎರಡು ಕರಡಿ. ತನ್ನ ಮುಷ್ಟಿಗೆ ಸುತ್ತಿದರೆ ಒಂದೇ.

"ಎಡಗಡೆ. ಬಲಗಡೆ. ಒಂದು ಕರಡಿ," ಎಂದಳು ಹರುಕುಮುರುಕು ಸ್ವೀಡಿಷ್‌ನಲ್ಲಿ. ಕರಡಿಯ ಎರಡೂ ಮಗ್ಗುಲು ಕಾಣಲೆಂದು ಆ ಚಿತ್ರಗಾರ ಅದನ್ನು ರವಿಕೆಯ ಬಟ್ಟೆಯಂತೆ ಬಿಡಿಸಿ ಹರಡಿದ್ದ.

ಕಾರಿನ್ ಕಾಗದ ಕಸಿದುಕೊಂಡು ತನ್ನ ಮುಷ್ಟಿಗೂ ಸುತ್ತಿ ನೋಡಿದಳು. ಬಿಡಿಸಿದಳು, ಮತ್ತೆ ಸುತ್ತಿದಳು. ನಗು ತಡೆಯಲಾರದೆ ಅದನ್ನು ಹಿಂತಿರುಗಿಸುತ್ತ, "ಸೋಮವಾರ ಒಂಬತ್ತಕ್ಕೆ ಬನ್ನಿ. ಕತ್ತರಿ ಮರೀಬೇಡಿ," ಎಂದಳು. ಇಂದುಮತಿಗೆ ಟ್ರಾಮಿನಲ್ಲಿ ಕೂರಲೂ ಆಗಲಿಲ್ಲ, ಅಷ್ಟು ಖುಷಿ. ಮನೆಯವರೆಗೂ ನಿಂತೇ ಬಂದಳು.

ಬಾಗಿಲಲ್ಲೇ ಲಾವಣ್ಯಾ ಕಾಯುತ್ತಿದ್ದಳು. "ನಾನು ಬರ್ದಿದ್ದು ಪೂರ್ತಿ ಹೇಳಿದ್ಯಾ?"

"ನಿನ್ನ ಪುಟದಿಂದ್ಲೇ ಕೆಲ್ಸ ಸಿಕ್ತು ಕಣೇ," ಎಂದು ಇಂದುಮತಿ ಕಾಗದದ ಕರಡಿಯನ್ನು ಮಗಳ ಕೈಗಿಟ್ಟಳು. ಅದರ ಹೊಟ್ಟೆಯ ಮೇಲೆ ಲಾವಣ್ಯಾಳ ಅಕ್ಷರ ಇನ್ನೂ ಸಾಲಾಗಿತ್ತು.