ಸೌದೆಯ ಮೇಲಿನ ಫ್ಲೆಕ್ಸು

ಗೆಜ್ಜಲಗೆರೆಯ ಗಾರ್ಮೆಂಟ್ಸಿನಲ್ಲಿ ಹನ್ನೆರಡು ವರ್ಷದಿಂದ ದಾರ ಕತ್ತರಿಸುತ್ತಿದ್ದ ದೇವಿರಮ್ಮನಿಗೆ ಊರಿನಲ್ಲಿ ಗಟ್ಟಿಗಿತ್ತಿ ಎಂಬ ಹೆಸರಿತ್ತು. ಗಂಡ ಸತ್ತ ಮೇಲೆ ಒಬ್ಬಳೇ ನಿಂತು ಮನೆ ಕಟ್ಟಿಸಿದವಳು, ಹಿತ್ತಿಲ ರೂಮನ್ನು ಬಾಡಿಗೆಗೆ ಕೊಟ್ಟವಳು. ಹೆಸರು ಕೊಟ್ಟ ಊರು ಬೇಕಾದಾಗ ಅದನ್ನು ಬಳಸಿಕೊಳ್ಳುತ್ತಲೂ ಇತ್ತು.

ಎರಡು ವರ್ಷದ ಹಿಂದೆ ಗಗನಳ ವಿಷಯಕ್ಕೆ ಬಳಸಿಕೊಂಡಿತು. ಕಾಲೇಜಿನಿಂದ ಬರುತ್ತಿದ್ದ ಊರಿನ ಆ ಹುಡುಗಿಯನ್ನು ಬಿಹಾರದಿಂದ ಕೂಲಿಗೆ ಬಂದಿದ್ದ ಒಬ್ಬ ಹಿಡಿದೆಳೆದಿದ್ದ. ಊರಿಗೆ ಊರೇ ಹೆದ್ದಾರಿಗೆ ಬಂತು. ಫ್ಲೆಕ್ಸು ಹಿಡಿದು ಎಲ್ಲರ ಮುಂದೆ ನಡೆದವಳು ದೇವಿರಮ್ಮ. ಪೊಲೀಸರು ಅವನನ್ನು ಹಿಡಿದುಕೊಂಡು ಹೋದರು, ಸರಿಯೇ. ಆದರೆ ತಪ್ಪು ಮಾಡಿದವನು ಒಬ್ಬ, ಆ ವಾರ ಊರು ಬಿಡಿಸಿದ್ದು ಹೊರಗಿನಿಂದ ಕೂಲಿಗೆ ಬಂದಿದ್ದ ಹನ್ನೊಂದು ಜನರನ್ನು. ಅದಕ್ಕೂ ನ್ಯಾಯ ಎಂದೇ ಹೆಸರಾಯಿತು. ಫ್ಲೆಕ್ಸು ದೇವಿರಮ್ಮನ ಹಿತ್ತಿಲಿನಲ್ಲಿ ಸೌದೆ ಮುಚ್ಚಲು ಬಂತು.

ಆಮೇಲೆ ಹಿತ್ತಿಲ ರೂಮಿಗೆ ಬಂದವಳು ಸುಕಾಂತಿ. ಒಡಿಶಾದವಳು, ಇಪ್ಪತ್ತರ ಹುಡುಗಿ, ಅದೇ ಗಾರ್ಮೆಂಟ್ಸಿನಲ್ಲಿ ಟೈಲರು. ಅವಳದು ಯಾವ ಭಾಷೆ ಎಂದು ಯಾರೂ ಕೇಳಲಿಲ್ಲ, ಊರಿಗೆ ಅವಳೂ ಹಿಂದಿಯವಳೇ. ಕರಿ ಹುಡುಗಿ ಎಂದು ಆಡಿಕೊಂಡ ಮಹಾನುಭಾವರ ಮೈಬಣ್ಣವೂ ಅದೇ ಆಗಿತ್ತು. ಹುಡುಗಿ ಮಾತ್ರ ದೇವಿರಮ್ಮನನ್ನು ಅಮ್ಮಾ ಎಂದಳು, ಮುದ್ದೆ ನುಂಗಲು ಕಲಿತಳು.

ಹೋದ ತಿಂಗಳು ಒಂದು ಸಂಜೆ ಫ್ಯಾಕ್ಟರಿಯ ವ್ಯಾನಿನಿಂದ ಎಲ್ಲರೂ ಇಳಿದ ಮೇಲೆ ಡ್ರೈವರ್ ಪುಟ್ಟರಾಜು ಸುಕಾಂತಿಯನ್ನು ಒಳಗೇ ತಡೆದು ಹಿಡಿದುಕೊಂಡ. ಕೊಸರಾಡಿದ್ದಕ್ಕೆ ಮಣಿಕಟ್ಟು ಮುರಿಯುವಂತೆ ತಿರುಚಿದ. ಮರೆತುಬಂದ ಊಟದ ಡಬ್ಬಿಗಾಗಿ ವಾಪಸು ಬಂದ ದೇವಿರಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಅತ್ತೆಯನ್ನು ಕಂಡು ಅವನು ಕೈಬಿಟ್ಟ. ಹೌದು, ಅವನು ಅವಳ ತಮ್ಮನ ಮಗ, ಅವಳೇ ಎತ್ತಾಡಿಸಿದ ಹುಡುಗ.

ನೋಡಿದವರು ಹೇಳದಿದ್ದರೆ ಕೇಸು ನಿಲ್ಲುವುದಿಲ್ಲ ಎಂದು ಜೊತೆಯ ಟೈಲರುಗಳು ಸುಕಾಂತಿಗೆ ತಿಳಿಸಿದ್ದರು. ನೋಡಿದವಳು ಒಬ್ಬಳೇ.

ಸುಕಾಂತಿ ದೂರು ಹೇಳಿದರೂ ಈ ಸಲ ಊರು ಹೆದ್ದಾರಿಗೆ ಹೋಗಲಿಲ್ಲ, ಅರಳಿಕಟ್ಟೆಗೆ ಬಂತು. ಯಜಮಾನ ದೊಡ್ಡಸಿದ್ದಯ್ಯ, ಈ ಹಿಂದಿಯವರು ಬಂದ ಮೇಲೇ ಊರು ಕೆಟ್ಟದ್ದು, ರೂಮು ಕೊಟ್ಟವರೆಲ್ಲ ಖಾಲಿ ಮಾಡಿಸಬೇಕು ಎಂದ. ಆಮೇಲೆ ಶಾಸ್ತ್ರಕ್ಕೆಂಬಂತೆ ಕೇಳಿದ.

"ನೀನೇನಾರ ಕಂಡ್ಯೇನವ್ವ ದೇವಿರಮ್ಮ?"

ಸುಕಾಂತಿ ಕೈಗೆ ಕಟ್ಟು ಹಾಕಿಸಿಕೊಂಡು ಕಟ್ಟೆಯ ಕೆಳಗೇ ನಿಂತಿದ್ದಳು. ಒಂದು ಮಾತು ಸಾಕಿತ್ತು.

"ನಾನೇನೂ ನೋಡ್ನಿಲ್ಲ ಕಣಣ್ಣ" ಎಂದಳು ದೇವಿರಮ್ಮ.

ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಅಳು ಬರಬೇಕಿತ್ತು, ಬರಲಿಲ್ಲ. ಮನೆಗೆ ಹೋಗಿ ಸಾರು ಬಿಸಿ ಮಾಡಿ ಉಂಡಳು.

ಮೂರನೆಯ ದಿನ ಸುಕಾಂತಿ ಒಂದೇ ಕೈಯಲ್ಲಿ ಬಟ್ಟೆ ತುಂಬಿಕೊಂಡಳು. ದೇವಿರಮ್ಮ ಬ್ಯಾಗಿನ ಜಿಪ್ಪು ಎಳೆದುಕೊಟ್ಟಳು. ಹೊರಡುವಾಗ ಹುಡುಗಿ ಸೌದೆಯ ಮೇಲಿನ ಫ್ಲೆಕ್ಸಿನ ಮುಂದೆ ನಿಂತಳು. ಅದರಲ್ಲಿ ಕೈ ಎತ್ತಿ ನಿಂತ ಹೆಂಗಸೊಬ್ಬಳ ಚಿತ್ರ, ಕೆಳಗೆ ದಪ್ಪಕ್ಷರ. ವರ್ಷದಿಂದ ದಿನವೂ ನೋಡುತ್ತಿದ್ದರೂ ಅವಳಿಗೆ ಕನ್ನಡ ಓದಲು ಬರುತ್ತಿರಲಿಲ್ಲ.

"ಅಮ್ಮಾ, ಇದು ಏನು ಬರೆದಿದೆ?"

ಹೆಣ್ಣಿನ ಮೇಲೆ ಕೈ ಮಾಡಿದವನು ಯಾರೇ ಆಗಲಿ ಬಿಡುವುದಿಲ್ಲ ಎಂದು ಬರೆದಿತ್ತು. ಅಂದು ಹೆದ್ದಾರಿಯಲ್ಲಿ ಗಂಟಲು ಹರಿಯುವಂತೆ ಕೂಗಿದ್ದಳಲ್ಲ, ದೇವಿರಮ್ಮನಿಗೆ ಅದು ಬಾಯಿಪಾಠವಾಗಿತ್ತು.

"ಏನಿಲ್ಲ ಕಣಮ್ಮ, ಸೌದೆ ನೆನೀದಂಗೆ ಆಕಿರೋದು" ಎಂದಳು.

ಸುಕಾಂತಿ ತಲೆಯಾಡಿಸಿ ಬಸ್ಸಿಗೆ ಹೋದಳು. ದೇವಿರಮ್ಮ ಫ್ಲೆಕ್ಸನ್ನು ಅಕ್ಷರ ಒಳಗಾಗುವಂತೆ ಮಗುಚಿ ಹಾಕಿ, ನಾಲ್ಕು ಮೂಲೆಗೂ ಕಲ್ಲಿಟ್ಟಳು. ಸಂಜೆ ಜೋರು ಮಳೆ ಬಂತು. ಸೌದೆ ನೆನೆಯಲಿಲ್ಲ.