ಹವಾಲ್ದಾರರು ಆರಿಸದ ಪಟ್ಟಿ

ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡು ಭಾಗವಾಗಿತ್ತು. ಆ ಸೀಳಿನೊಳಗೆ ಕೋವಿಯ ಎಣ್ಣೆ ಸೇರಿ ಕಪ್ಪು ಗೆರೆಯೊಂದು ಉಳಿದುಬಿಟ್ಟಿತ್ತು. ಸೋಪು, ಸೀಮೆಎಣ್ಣೆ, ನಿಂಬೆಹಣ್ಣು, ಯಾವುದಕ್ಕೂ ಅದು ಹೋಗುತ್ತಿರಲಿಲ್ಲ. ಊಟಕ್ಕೆ ಕೂತಾಗ ಆ ಬೆರಳನ್ನು ಅನ್ನಕ್ಕೆ ತಾಗಿಸದೆ ಉಳಿದ ನಾಲ್ಕರಲ್ಲೇ ಕಲಸುತ್ತಿದ್ದರು. ಬಲಗೈ ಎಂದು ಬರೆದೆ. ಅನ್ನ ಕಲಸುತ್ತಿದ್ದದ್ದು ನೆನಪಿರುವುದರಿಂದ ಬಲಗೈಯೇ ಇರಬೇಕು ಎಂಬುದು ನನ್ನ ಊಹೆ. ಇತಿಹಾಸದಲ್ಲಿ ಎಂ.ಎ. ಮಾಡಿದವನಿಗೆ ಇಂಥ ಊಹೆಗಳ ಮೇಲೆ ನಂಬಿಕೆ ಕಡಿಮೆ. ನನ್ನ ನೆನಪಿನ ಮೇಲಂತೂ ಇನ್ನೂ ಕಡಿಮೆ. ಆದರೆ ಅವರ ಬಗ್ಗೆ ಬರೆಯುವವರು ಬೇರೆ ಯಾರೂ ಇಲ್ಲ.

ಎಲ್ಲರೂ ಅವರನ್ನು ಹವಾಲ್ದಾರರು ಎನ್ನುತ್ತಿದ್ದರು. ಅರಕಲಗೂಡು ಕಡೆಯವರು. ಸೈನ್ಯದಲ್ಲಿ ಕೋವಿಗಳ ರಿಪೇರಿ ಮಾಡಿಕೊಂಡಿದ್ದು ನಿವೃತ್ತರಾದ ಮೇಲೆ ದೋಹಾಕ್ಕೆ ಬಂದಿದ್ದರು. ಓಲ್ಡ್ ಏರ್‌ಪೋರ್ಟ್ ಕಡೆ ದೊಡ್ಡ ವಿಲ್ಲಾ ಇದ್ದ ಒಬ್ಬ ಕತಾರಿ ವ್ಯಾಪಾರಿಗೆ ಹಳೆಯ ಆಯುಧಗಳನ್ನು ಕೂಡಿಹಾಕುವ ಹುಚ್ಚು. ಅವನ್ನು ಒರೆಸಿ, ಎಣ್ಣೆ ಹಾಕಿ, ಮುರಿದದ್ದನ್ನು ಜೋಡಿಸಿ ಇಡುವುದು ಇವರ ಕೆಲಸ. ನಾನು ಅದೇ ಮಾಲೀಕನ ಆಫೀಸಿನಲ್ಲಿ ಗುಮಾಸ್ತ. ಇತಿಹಾಸ ಓದಿದವನು ಎಂದು ಯಾರೋ ಅವನಿಗೆ ಹೇಳಿದ್ದರಿಂದ ವಾರಕ್ಕೆರಡು ಸಂಜೆ ವಿಲ್ಲಾದ ಹಿಂದಿನ ಶೆಡ್ಡಿಗೆ ಹೋಗಿ ಒಂದೊಂದು ಆಯುಧಕ್ಕೂ ವಿವರದ ಕಾರ್ಡು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ತೊಂಬತ್ತರ ದಶಕದ ನಡುವಿನ ಮಾತಿದು.

ಶೆಡ್ಡಿನ ಏಸಿ ಸದ್ದು ಮಾಡುತ್ತಿತ್ತೇ ಹೊರತು ತಂಪು ಕೊಡುತ್ತಿರಲಿಲ್ಲ. ಹವಾಲ್ದಾರರು ಬನಿಯನ್ನಿನಲ್ಲಿ ಕೂತು, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು, ನಾನು ಒಳಗೆ ಕಾಲಿಟ್ಟ ಕೂಡಲೇ ಒಂದೇ ಮಾತು ಕೇಳುತ್ತಿದ್ದರು: “ಏನ್ ಸಾರ್, ಏನನ್ನತ್ತೆ ಪುಸ್ತಕ?” ಗೌರವವೂ ಇತ್ತು, ಚುಚ್ಚುವುದೂ ಇತ್ತು. ನಾನು ಮೂವತ್ತು ದಾಟದವನು, ಅವರು ಅರವತ್ತರ ಹತ್ತಿರ. ಆದರೂ ಸಾರ್ ಎನ್ನುವುದನ್ನು ಬಿಡಲಿಲ್ಲ. ಓದಿದವರನ್ನು ಸಾರ್ ಅನ್ನದಿದ್ದರೆ ಅವರಿಗೆ ಓದಿದ್ದು ಮರೆತುಹೋಗುತ್ತದೆ ಎಂದು ಒಮ್ಮೆ ಹೇಳಿದ್ದರು.

ಆ ವರ್ಷ ಮಾಲೀಕನಿಗೆ ಒಂದು ಆಸೆ ಹುಟ್ಟಿತು. ಅವನ ತಂದೆ ಒಂದು ಕಾಲದಲ್ಲಿ ಎಣ್ಣೆ ಬಾವಿಯ ಕ್ಯಾಂಪಿನಲ್ಲಿ ಕಾವಲುಗಾರನಾಗಿದ್ದನಂತೆ. ಹೆಗಲಿಗೆ ರೈಫಲ್ ನೇತುಹಾಕಿಕೊಂಡು ನಿಂತ ಒಂದು ಕಪ್ಪು-ಬಿಳುಪು ಫೋಟೋ ಮನೆಯಲ್ಲಿತ್ತು. ಆ ರೈಫಲ್ ಎಂದೋ ಕಳೆದುಹೋಗಿತ್ತು. ಅಂಥದ್ದನ್ನೇ ಮತ್ತೆ ಕಟ್ಟಿ, ತಂದೆ ಹಿಡಿದಿದ್ದ ಹಾಗೇ ಸಿಂಗರಿಸಿ, ಅತಿಥಿಗಳು ಕೂರುವ ಮಜ್ಲಿಸ್‌ನ ಗೋಡೆಗೆ ಹಾಕಬೇಕು, ಅದನ್ನು ಮೊದಲು ತನ್ನ ಚಿಕ್ಕಪ್ಪನಿಗೆ ತೋರಿಸಬೇಕು ಎಂದ. ಮನೆಯ ಹಿರಿಯರಲ್ಲಿ ಉಳಿದಿದ್ದವನು ಆ ಚಿಕ್ಕಪ್ಪ ಒಬ್ಬನೇ.

ಕೋವಿ ಕಟ್ಟುವುದು ಹವಾಲ್ದಾರರಿಗೆ ಕಷ್ಟವಾಗಲಿಲ್ಲ. ಒಂದರ ಮರ, ಇನ್ನೊಂದರ ಕಬ್ಬಿಣ ಸೇರಿಸಿ, ಗುಂಡು ಹಾರದಂತೆ ನಳಿಗೆ ಮುಚ್ಚಿ, ಎರಡು ತಿಂಗಳಲ್ಲಿ ಹಳೆಯ ತ್ರೀ ನಾಟ್ ತ್ರೀ ಒಂದನ್ನು ನಿಲ್ಲಿಸಿದರು. ಜಗಳವೆಲ್ಲ ಅದರ ಒಡವೆಗಳ ಮೇಲೆ. ಒಡವೆ ಎಂಬುದು ಅವರದೇ ಮಾತು. ಮಾಲೀಕನಿಗೆ ಮೇಲೊಂದು ದುರ್ಬೀನು, ಮುಂದೊಂದು ಉದ್ದನೆಯ ಬಯೊನೆಟ್ಟು ಕತ್ತಿ ಬೇಕಿತ್ತು. ಹವಾಲ್ದಾರರು ತಮ್ಮ ಮಿಲಿಟರಿ ಹಿಂದಿಯಲ್ಲಿ, ಫೋಟೋದಲ್ಲಿ ನಿಮ್ಮ ತಂದೆಯ ಸೊಂಟದಲ್ಲಿ ಬಯೊನೆಟ್ಟಿನ ಒರೆಯೇ ಇಲ್ಲ, ಗೇಟು ಕಾಯುವವನಿಗೆ ದುರ್ಬೀನು ಯಾರು ಕೊಡುತ್ತಾರೆ ಎಂದು ತಿಳಿಸಿ ಹೇಳಿದರು. ಅವನು ಹೋದ ಮೇಲೆ ನನ್ನ ಕಡೆ ತಿರುಗಿ, ಮದುಮಗನ ತಲೆಗೆ ಮೂರು ಪೇಟ ಸುತ್ತಿದ ಹಾಗಾಗುತ್ತಿತ್ತು ಎಂದರು. ಹಿಂಬದಿಯ ಮರದೊಳಗೆ ಇಡುವ ಎಣ್ಣೆಬುಡ್ಡಿ ಹಿತ್ತಾಳೆಯದೇ ಇರಬೇಕು, ಪ್ಲಾಸ್ಟಿಕ್ಕಿನದು ಬೇಡ ಎಂಬಲ್ಲಿ ನಾವಿಬ್ಬರೂ ಒಂದಾದೆವು. ಮುಚ್ಚಳ ಹಾಕಿದರೆ ಯಾರಿಗೂ ಕಾಣದ ಬುಡ್ಡಿ ಅದು. ಅದಕ್ಕಾಗಿ ಅವರು ದೋಹಾ ಅಲ್ ಜದೀದಾದ ಗುಜರಿ ಅಂಗಡಿಗಳನ್ನು ನಾಲ್ಕು ಶುಕ್ರವಾರ ಸುತ್ತಿದರು.

ಉಳಿದದ್ದು ಹೆಗಲಪಟ್ಟಿ, ಕೋವಿಯನ್ನು ಹೆಗಲಿಗೆ ತೂಗುಹಾಕುವ ಪಟ್ಟಿ.

ಫೋಟೋದಲ್ಲಿ ಪಟ್ಟಿ ಮಾಸಲು ಬಿಳಿಯಾಗಿ ಕಾಣುತ್ತಿತ್ತು. ನನ್ನ ಪುಸ್ತಕದಲ್ಲಿ ಆ ಕಾಲದ ಆ ರೈಫಲ್ಲಿಗೆ ಕ್ಯಾನ್ವಾಸ್ ಪಟ್ಟಿ, ಎರಡು ತುದಿಗೂ ಹಿತ್ತಾಳೆಯ ಕಟ್ಟು ಎಂದು ಚಿತ್ರಸಮೇತ ಇತ್ತು. ನಾನು ಇಂಗ್ಲೆಂಡಿನ ಒಬ್ಬ ವ್ಯಾಪಾರಿಗೆ ಫ್ಯಾಕ್ಸ್ ಮಾಡಿ ತರಿಸಿದೆ. ಪಟ್ಟಿಯ ಮೇಲೆ ತಯಾರಾದ ಇಸವಿಯ ಮುದ್ರೆಯೂ ಇತ್ತು. ಪರೀಕ್ಷೆಯಲ್ಲಿ ರ‍್ಯಾಂಕ್ ಬಂದಷ್ಟು ಖುಷಿಪಟ್ಟೆ.

ಹವಾಲ್ದಾರರು ಭೂತಗಾಜಿನಲ್ಲಿ ಫೋಟೋವನ್ನು ಬಹಳ ಹೊತ್ತು ನೋಡಿದರು. ಫೌಜಿನ ಪಟ್ಟಿ ಹೀಗೆ ಸುರುಳಿ ಸುತ್ತುವುದಿಲ್ಲ ಎಂದರು. ಕೆಳತುದಿಯಲ್ಲಿ ಹಿತ್ತಾಳೆ ಇಲ್ಲ, ಗಂಟು ಇದೆ, ಗಂಟಿನ ಕೆಳಗೆ ಕುಚ್ಚಿನಂಥದ್ದೇನೋ ಇದೆ ಎಂದರು. ಮುಂದಿನ ವಾರ ಹಳೆಯ ಪೇಟೆಯಾದ ಸೂಕ್‌ನಲ್ಲಿ ಒಬ್ಬ ಮುದುಕಿಯ ಹತ್ತಿರ ಕೊಂಡ, ಉಣ್ಣೆಯಲ್ಲಿ ಕೈಯಿಂದ ನೇಯ್ದ ಪಟ್ಟಿಯೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಇದು ಒಂಟೆಗೆ ಬಿಗಿಯುವ ಪಟ್ಟಿ, ರೈಫಲ್ಲಿಗೂ ಇದಕ್ಕೂ ಏನು ಸಂಬಂಧ, ಆಧಾರ ಎಲ್ಲಿದೆ ಎಂದು ನಕ್ಕೆ. ಆಧಾರ ಎಂಬ ಮಾತನ್ನು ನಾನು ಖಂಡಿತ ಬಳಸಿದ್ದೆ. ಆಗ ಬಾಯಿಬಿಟ್ಟರೆ ಅದೇ ಮಾತು.

ಅವರು ಹೇಳಿದರು: “ಕೋವಿಗೆ ಹುಟ್ಟಿದೂರು ಒಂದು, ಬಾಳಿದೂರು ಒಂದು, ಸಾರ್. ನಿಮ್ ಪುಸ್ತಕಕ್ಕೆ ಹುಟ್ಟಿದೂರು ಮಾತ್ರ ಗೊತ್ತು. ಫೋಟೋದಲ್ಲಿರೋದು ಯಾರೋ ಮನೆಯೋರು ಮಾಡ್ಕೊಟ್ಟಿದ್ದು.”

ನಾನು ಒಪ್ಪಲಿಲ್ಲ. ಅವರು ಮತ್ತೆ ವಾದಿಸಲಿಲ್ಲ. ಸೈನ್ಯದಲ್ಲಿ ಇದ್ದವರು ಒಮ್ಮೆ ಹೇಳುತ್ತಾರೆ, ಕೇಳದಿದ್ದರೆ ಸರಿ ಎನ್ನುತ್ತಾರೆ. ಕ್ಯಾನ್ವಾಸ್ ಪಟ್ಟಿಯನ್ನು ತಾವೇ ಬಿಗಿದರು. ಪ್ರತಿ ಬಿಡಿಭಾಗದ ಕಾರ್ಡಿನಲ್ಲೂ “ಆರಿಸಿದವರು” ಎಂದು ಒಂದು ಸಾಲು ಇರುತ್ತಿತ್ತು. ಅಲ್ಲಿ ಯಾವಾಗಲೂ ಹವಾಲ್ದಾರರದೇ ಸಹಿ, ಏಕೆಂದರೆ ಆಯುಧ ನೋಡಿಕೊಳ್ಳುವವರು ಅವರು. ಪಟ್ಟಿಯ ಕಾರ್ಡನ್ನೂ ನಾನು ರೂಢಿಯಂತೆ ಅವರ ಮುಂದೆ ಹಿಡಿದೆ. ಅವರು ರೂಢಿಯಂತೆ ಸಹಿ ಹಾಕಿದರು.

ಅದೇ ದಿನಗಳಲ್ಲಿ ಅವರ ಇನ್ನೊಂದು ಕಾಗದ ಮಾಲೀಕನ ಮೇಜಿನ ಮೇಲಿತ್ತು. ಹೆಂಡತಿಯನ್ನು ಎರಡು ತಿಂಗಳ ಮಟ್ಟಿಗೆ ಕರೆಸಿಕೊಳ್ಳಲು ವೀಸಾ ಅರ್ಜಿ. ಅವರ ಸಂಬಳಕ್ಕೆ ಅದು ಸಿಗುವಂಥದ್ದಲ್ಲ. ಮಾಲೀಕನೇ ಮನಸ್ಸು ಮಾಡಿ ಸಹಿ ಹಾಕಿದರೆ ಉಂಟು. ರೈಫಲ್ ಚೆನ್ನಾಗಿ ಬರಲಿ, ಮಾಡೋಣ ಎಂದು ಅವನು ಹೇಳಿದ್ದ. ಬಿನ್ ಮಹಮೂದ್ ಬಡಾವಣೆಯಲ್ಲಿ ರಜೆಗೆ ಹೋಗುವ ಮಲಯಾಳಿ ದಂಪತಿಯ ಕೋಣೆಯನ್ನು ಹವಾಲ್ದಾರರು ಎರಡು ತಿಂಗಳಿಗೆ ಮಾತಾಡಿ ಇಟ್ಟಿದ್ದರು. ಸೈನ್ಯದಲ್ಲಿದ್ದ ಅಷ್ಟು ವರ್ಷ ಹೆಂಡತಿಯನ್ನು ಯಾವ ಊರಿಗೂ ಕರೆದೊಯ್ದಿರಲಿಲ್ಲವಂತೆ. ಇಲ್ಲಿ ಸಮುದ್ರದ ನೀರನ್ನೇ ಸಿಹಿ ಮಾಡಿ ಕುಡಿಯುತ್ತಾರೆ ಎಂದು ಬರೆದರೆ ಆಕೆ ನಂಬಲಿಲ್ಲ, ಸುಳ್ಳು ಹೇಳಬೇಡಿ ಎಂದು ಉತ್ತರ ಬರೆಸಿದ್ದಳು. ಕಾರ್ನಿಶ್‌ನಲ್ಲಿ ಸಮುದ್ರದ ಮುಂದೆ ಕೂರಿಸಿ ಒಂದು ಲೋಟ ಕುಡಿಸಬೇಕು ಎಂದು ಅವರು ಎಷ್ಟು ಸಲ ಹೇಳಿದರೋ.

ಚಿಕ್ಕಪ್ಪ ಬಂದ ಸಂಜೆ ನಾವಿಬ್ಬರೂ ಮಜ್ಲಿಸ್‌ನ ಬಾಗಿಲ ಹತ್ತಿರ ನಿಂತಿದ್ದೆವು. ನನ್ನ ಕೈಯಲ್ಲಿ ಕಾರ್ಡುಗಳು. ಮುದುಕ ರೈಫಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಮರ ಸವರಿದ, ಬೋಲ್ಟು ಎಳೆದ, ನಕ್ಕ. ಆಮೇಲೆ ಪಟ್ಟಿಗೆ ಬಂದ ಬೆರಳು ಅಲ್ಲೇ ನಿಂತಿತು. ಅರಬ್ಬಿಯಲ್ಲಿ ಮೆತ್ತಗೆ ಏನೋ ಕೇಳಿದ. ಅದರ ಅರ್ಥ ಆಮೇಲೆ ಮಾಲೀಕನ ಡ್ರೈವರ್ ಹೇಳಿದ: “ಇದು ಇಂಗ್ಲಿಷರ ಪಟ್ಟಿ. ನಿನ್ನ ತಾಯಿ ನೇಯ್ದದ್ದು ಎಲ್ಲಿ?”

ಮಾಲೀಕ ಚಿಕ್ಕವನಿದ್ದಾಗಲೇ ತಾಯಿ ತೀರಿಹೋಗಿದ್ದಳು. ಆಕೆಯ ಕೈಕೆಲಸ ಅವನು ನೋಡಿದ್ದೇ ಆ ಫೋಟೋದಲ್ಲಿ. ಅದನ್ನು ತಾನು ಗುರುತಿಸಲಿಲ್ಲ ಎಂಬುದು ಹತ್ತು ಜನರ ಮುಂದೆ ಬಯಲಾಯಿತು. ಅವನು ನನ್ನ ಕೈಯಿಂದ ಕಾರ್ಡು ಕಿತ್ತುಕೊಂಡು ಓದಿದ.

ಮುಂದಿನದು ನನ್ನಲ್ಲಿ ಎರಡು ಥರ ಉಳಿದಿದೆ. ಒಂದರಲ್ಲಿ ಅವನು ಇದನ್ನು ಆರಿಸಿದ್ದು ಯಾರು ಎಂದು ಕೇಳುತ್ತಾನೆ, ಹವಾಲ್ದಾರರು ನನ್ನನ್ನು ಒಮ್ಮೆ ನೋಡಿ, ನಾನೇ ಸಾಹೇಬ್ ಎನ್ನುತ್ತಾರೆ. ಇನ್ನೊಂದರಲ್ಲಿ ಯಾರೂ ಏನೂ ಕೇಳುವುದಿಲ್ಲ, ಕಾರ್ಡಿನ ಸಹಿಯೇ ಸಾಕಾಗುತ್ತದೆ. ಯಾವುದು ನಡೆದದ್ದು ಎಂದು ಇಂದಿಗೂ ಗೊತ್ತಿಲ್ಲ. ನಾನು ಬಾಯಿ ತೆರೆಯಲಿಲ್ಲ ಎಂಬುದು ಮಾತ್ರ ಎರಡರಲ್ಲೂ ಒಂದೇ.

ವೀಸಾ ಅರ್ಜಿ ಸಹಿಯಿಲ್ಲದೆ ವಾಪಸು ಬಂತು. ತಿಂಗಳೊಳಗೆ ಶೆಡ್ಡಿಗೆ ಬೀಗ ಬಿತ್ತು, ಹವಾಲ್ದಾರರ ಕೆಲಸ ಖಲಾಸ್. ನಾಳೆ ನಿಜ ಹೇಳುತ್ತೇನೆ ಎಂದು ನಾನು ದಿನ ತಳ್ಳಿದೆ. ನಾಳೆ ಮಾಲೀಕ ಊರಲ್ಲಿರಲಿಲ್ಲ. ಆಮೇಲೆ ನನ್ನದೇ ಪರ್ಮಿಟ್ ನವೀಕರಣ ಬಂತು, ಅದಕ್ಕೂ ಅವನದೇ ಸಹಿ ಬೇಕು. ಕಾರಣಗಳಿಗೇನು ಕೊರತೆ. ಅವರು ಹೊರಡುವ ಹಿಂದಿನ ದಿನ ಕೋಣೆಗೆ ಹೋಗಿ ತಡವರಿಸುತ್ತ ಶುರುಮಾಡಿದರೆ, ಹಾಸಿಗೆ ಸುತ್ತುತ್ತಿದ್ದವರು ಕೈ ಅಡ್ಡ ತಂದರು.

“ಬಿಡಿ ಸಾರ್. ನನಗೆ ಹೆಂಗೂ ಊರಿಗೆ ಹೋಗೋ ವಯಸ್ಸು. ನೀವು ಹೋದ್ರೆ ನಿಮ್ಮನ್ನ ಅಲ್ಲಿ ಯಾರ್ ತಗೋತಾರೆ, ಬರೀ ಪುಸ್ತಕ ಓದ್ಕೊಂಡೋರನ್ನ?”

ತಮಾಷೆಯಾಗಿಯೇ ಅಂದರು. ನಾನೂ ನಕ್ಕೆ. ಆ ನಗು ನನಗೆ ಈಗಲೂ ನುಂಗಲಾಗದ್ದು.

ಊರಿಗೆ ಹೋದ ಮೂರನೆಯ ವರ್ಷ ಅವರು ತೀರಿಕೊಂಡರು ಎಂದು ಯಾರಿಂದಲೋ ತಿಳಿಯಿತು. ನಾನು ಕತಾರ್ ಬಿಟ್ಟು ಬಂದ ಮೇಲೆ ಒಂದು ದಿನ ಹಾಸನಕ್ಕೆ ಹೋದೆ. ಅವರ ಹೆಂಡತಿ ಅಲ್ಲಿ ಶಾಲೆಯಲ್ಲಿ ಕೆಲಸ ಮಾಡುವ ಮಗಳ ಮನೆಯಲ್ಲಿದ್ದರು. ಮಗಳು ಶಾಲೆಗೆ ಹೋಗಿದ್ದಳು. ತಾಯಿ ಮೊರದ ಮುಂದೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ದೋಹಾದಲ್ಲಿ ಜೊತೆಗಿದ್ದವನು ಎಂದು ಪರಿಚಯ ಹೇಳಿಕೊಂಡೆ. ನಮ್ಮ ಪುಸ್ತಕದ ಸಾರ್ ಎಂದು ಕಾಗದದಲ್ಲಿ ಬರೀತಿದ್ರು, ನೀವೇನಾ ಎಂದು ಸಂತೋಷಪಟ್ಟರು. ಮಾತು ಆ ಕೆಲಸ ಹೋದದ್ದಕ್ಕೆ ಬಂತು.

“ಅದು ನಮ್ಮನೆಯೋರೇ ಮಾಡ್ಕೊಂಡಿದ್ದಲ್ವಾ? ಪಟ್ಟಿ ಯಾವ್ದೋ ತಪ್ಪು ಆರಿಸ್ಬಿಟ್ರಂತೆ. ಅವರೇ ಹೇಳಿದ್ರು.”

ಕಾರ್ಡಿನ ಮೇಲೆ ಅವರ ಸಹಿ ಇತ್ತು. ಹೆಂಡತಿಯ ಹತ್ತಿರ ಹೇಳಿದ ಅವರದೇ ಮಾತು ಇತ್ತು. ಅವೆರಡಕ್ಕೆ ಎದುರಾಗಿ ಇದ್ದದ್ದು ನನ್ನ ನೆನಪು ಒಂದೇ, ಅದನ್ನು ನಾನೇ ನಂಬುವುದಿಲ್ಲ. ನಾನು ಕಲಿತ ವಿದ್ಯೆಯ ಪ್ರಕಾರ ಸೋಲಬೇಕಾದದ್ದು ನನ್ನ ನೆನಪೇ. ಅಲ್ಲಿಗೆ ಬಿಟ್ಟು ಕಾಫಿ ಕುಡಿದು ಎದ್ದುಬರಬಹುದಿತ್ತು. ಅನುಮಾನ ಇಷ್ಟು ಆರಾಮಾಗಿರಬಲ್ಲದು ಎಂದು ನನಗೆ ಅದುವರೆಗೆ ತಿಳಿದಿರಲಿಲ್ಲ.

ಅಮ್ಮಾ, ಪಟ್ಟಿ ಆರಿಸಿದ್ದು ನಾನು, ಅವರು ಬೇಡ ಎಂದಿದ್ದರು ಎಂದೆ. ಕಾರ್ಡು, ಸಹಿ, ನಾನು ಸುಮ್ಮನಿದ್ದದ್ದು, ಎಲ್ಲವನ್ನೂ ಹೇಳಿದೆ.

ಆಕೆ ಒಂದು ಕಾಯಿ ಬಿಡಿಸಿದರು, ಇನ್ನೊಂದು ಬಿಡಿಸಿದರು. ಕೋಪ ಬಂದ ಹಾಗೆ ಕಾಣಲಿಲ್ಲ.

“ಯಾರಾದ್ರೇನು ಬಿಡಿ. ನಾನು ಟ್ರಂಕು ಕಟ್ಟಿಟ್ಟಿದ್ದೆ. ಮೂರು ಸೀರೆ, ಒಂದು ಸ್ವೆಟರು. ಏರೋಪ್ಲೇನ್ ಒಳಗೆ ಚಳಿ ಇರತ್ತೆ ಅಂತ ಬರೆದಿದ್ರು. ಅವರು ವಾಪಸ್ ಬಂದ್ಮೇಲೂ ಎಷ್ಟೋ ದಿನ ಬಿಚ್ಚಲಿಲ್ಲ ನಾನು. ಅವರೂ ಬಿಚ್ಚು ಅನ್ನಲಿಲ್ಲ.”